ಆಯಿಲ್ ಯಾವುದು ಅಂತ ಜಗಳ ಆಡ್ತೀವಿ, ಬದಲಿಸಿದ್ದು ಯಾವಾಗ ಅಂದ್ರೆ ಬಾಯಿ ಮುಚ್ತೀವಿ

ಇವತ್ತಿನದ್ದು ಸ್ವಲ್ಪ ಉದ್ದ ಇದೆ, ಸ್ವಲ್ಪ ಖಾರನೂ ಇದೆ. ಓದಿ, ಆಮೇಲೆ ಬೈಯಿರಿ.

ಕಳೆದ ವಾರ ಸೊಸೈಟಿ ಜಗಲಿ ಮೇಲೆ ಗೊಬ್ಬರದ ಲಾರಿ ಕಾಯ್ತಾ ಕೂತಿದ್ವಿ. ಮಾತು ಅಡಿಕೆ ರೇಟು, ಕೊಳೆ, ಮಂಗನ ಕಾಟ ಎಲ್ಲಾ ಸುತ್ತಿ ಕಳೆ ಹೊಡೆಯೋ ಮಿಷನ್ನಿನ ಆಯಿಲಿಗೆ ಬಂತು. ಒಬ್ರು "ಹಾಕಿದ್ರೆ ಸಿಂಥೆಟಿಕ್ಕೇ ಹಾಕಬೇಕು, ಮಾಮೂಲಿ ಆಯಿಲ್ ಹಾಕಿದ್ರೆ ಇಂಜಿನ್ ಹೋದ ಹಾಗೇ" ಅಂದ್ರು. ಇನ್ನೊಬ್ರು "ಸಿಂಥೆಟಿಕ್ ಅನ್ನೋದೇ ದುಡ್ಡು ಹೊಡೆಯೋ ದಾರಿ, ನಾನು ಬೈಕಿಗೆ ಹಾಕೋದನ್ನೇ ಹಾಕ್ತೀನಿ, ಎಂತದೂ ಆಗ್ಲಿಲ್ಲ" ಅಂದ್ರು. ಅರ್ಧ ಗಂಟೆ ಜಗಳ ಆಯ್ತು. ಪಂಚಾಯ್ತಿ ಎಲೆಕ್ಷನ್ನಿಗೂ ಇಷ್ಟು ಬಿಸಿ ಆಗಿರಲಿಲ್ಲ.

ನಾನು ಒಂದೇ ಪ್ರಶ್ನೆ ಕೇಳಿದೆ. "ಎಲ್ಲಾ ಸರಿ ಮಾರಾಯ್ರೆ, ನಿಮ್ಮ ಮಿಷನ್ನಿನ ಆಯಿಲ್ ಕೊನೆ ಸಲ ಬದಲಿಸಿದ್ದು ಯಾವಾಗ?"

ಎಂಟು ಜನ ಇದ್ವಿ. ಸರಿಯಾದ ಉತ್ತರ ಕೊಟ್ಟವರು ಒಬ್ಬರೇ. ಒಬ್ರು "ಹೋದ ದೀಪಾವಳಿ ಹೊತ್ತಿಗೆ ಇರಬೇಕು" ಅಂದ್ರು. ಇನ್ನೊಬ್ರು "ಬದಲಿಸೋದು ಯಾಕೆ, ಕಡಿಮೆ ಆದಾಗ ಹಾಕ್ತೀನಲ್ಲ" ಅಂದ್ರು. ಸಿಂಥೆಟಿಕ್ ಪಕ್ಷದವರು, "ಸಿಂಥೆಟಿಕ್ ಅಲ್ವಾ, ಅದಕ್ಕೆ ಬದಲಿಸೋದೇ ಬೇಡ" ಅಂದ್ರು.

ಈ ಕೊನೇ ಮಾತಿಗೇ ನಾನು ಇದನ್ನ ಬರೆಯೋಕೆ ಕೂತಿದ್ದು. ಯಾಕಂದ್ರೆ ಈ ಮಾತು ನಮ್ಮೂರಲ್ಲಿ ಒಂದು ಮನೆಯ ಒಂದು ಹಂಗಾಮಿನ ದುಡಿಮೆ ತಿಂದಿದೆ.

ನಮ್ಮೂರಿನ ಒಬ್ಬ ಹುಡುಗ. ಹೆಸರು ಬೇಡ. ಸ್ವಂತ ತೋಟ ಅಂತ ಇರೋದು ಅರ್ಧ ಎಕರೆ. ಅವನ ಅಮ್ಮ ಸಂಘದಲ್ಲಿ ಸಾಲ ಎತ್ತಿ ಒಂದು 35 ಸಿಸಿ ಫೋರ್ ಸ್ಟ್ರೋಕ್ ಕಳೆ ಮಿಷನ್ ಕೊಡಿಸಿದ್ಲು. ಊರವರ ತೋಟ, ಬ್ಯಾಣದಲ್ಲಿ ಕಳೆ ಹೊಡೆದು ದಿನಕ್ಕೆ ಸಾವಿರದ ಇನ್ನೂರು ದುಡೀತಿದ್ದ. ಪೇಟೆಯ ಅಂಗಡಿಯಲ್ಲಿ ಅವನಿಗೆ ಒಂಬೈನೂರು ರೂಪಾಯಿಯ ಒಂದು ಲೀಟರ್ ಸಿಂಥೆಟಿಕ್ ಆಯಿಲ್ ಕೊಟ್ಟು, "ಇದು ಹಾಕಿದ್ರೆ ವರ್ಷ ಪೂರ್ತಿ ನೋಡೋ ಹಾಗೇ ಇಲ್ಲ" ಅಂತ ಹೇಳಿ ಕಳಿಸಿದ್ರು. ಹುಡುಗ ನಂಬಿದ. ಆಟಿ ಕಳೆದು ಮಳೆ ಸ್ವಲ್ಪ ಬಿಟ್ಟ ಮೇಲೆ ಶುರು ಮಾಡಿದವ ದಿನಕ್ಕೆ ಆರು ಗಂಟೆ ಹಾಗೆ ಮೂವತ್ತೈದು ದಿನ ಹೊಡೆದ. ಅಂದ್ರೆ ಇನ್ನೂರು ಗಂಟೆ ಮೇಲಾಯ್ತು. ಮೂವತ್ತಾರನೇ ದಿನ ನಮ್ಮ ತೋಟದಲ್ಲೇ ಇದ್ದ. ಮಧ್ಯಾಹ್ನ ಊಟಕ್ಕೆ ಕರೆಯೋಣ ಅಂತ ಹೋದ್ರೆ ಸದ್ದಿಲ್ಲ. ಹುಡುಗ ಅಡಿಕೆ ಮರದ ಬುಡದಲ್ಲಿ ಕೂತು ಸ್ಟಾರ್ಟರ್ ಹಗ್ಗ ಎಳೀತಿದ್ದಾನೆ, ಹಗ್ಗ ಬರ್ತಾ ಇಲ್ಲ. "ಅಣ್ಣ, ಹಿಡ್ಕೊಂಡ್ತು" ಅಂದ.

ಮೆಕ್ಯಾನಿಕ್ ಬಿಚ್ಚಿದಾಗ ನಾನೂ ಜೊತೆಗೆ ಇದ್ದೆ. ನೂರು ಎಂ.ಎಲ್. ಇರಬೇಕಾದ ಆಯಿಲ್ ಮೂರು ಚಮಚದಷ್ಟು ಉಳಿದಿತ್ತು. ಅದೂ ಆಯಿಲ್ ಅಲ್ಲ, ಕಾಡಿಗೆ. ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕಚ್ಚಿಕೊಂಡು ಬೋರ್ ಗೀರು ಗೀರಾಗಿತ್ತು. ರಿಪೇರಿಗೆ ಐದು ಸಾವಿರದ ಎಂಟುನೂರು. ಸಾಮಾನು ಬರೋಕೆ ಹದಿನಾರು ದಿನ. ಅದೂ ಕಳೆ ಹೊಡೆಯೋ ಭರ್ತಿ ಹಂಗಾಮಿನಲ್ಲಿ. ದಿನದ ಸಂಬಳ ಲೆಕ್ಕ ಹಾಕಿದ್ರೆ ಹತ್ತೊಂಬತ್ತು ಸಾವಿರದ ಇನ್ನೂರು ಅಲ್ಲೇ ಹೋಯ್ತು. ಎಲ್ಲಾ ಸೇರಿ ಇಪ್ಪತ್ತೈದು ಸಾವಿರ. ಸಂಘದ ಕಂತು ಮಾತ್ರ ವಾರ ವಾರ ಬರ್ತಾನೇ ಇರುತ್ತೆ, ಅದಕ್ಕೆ ಮಿಷನ್ ಸೀಜ್ ಆಗಿದ್ದು ಗೊತ್ತಿಲ್ಲ.

ಇದರಲ್ಲಿ ಹೊಟ್ಟೆ ಉರಿಯೋ ವಿಷಯ ಬೇರೆ ಇದೆ. ಅವನ ಮನೆಗೆ ಹೋದಾಗ ಅಟ್ಟದ ಮೂಲೆಯಲ್ಲಿ ಆ ಸಿಂಥೆಟಿಕ್ ಬಾಟಲಿ ಇತ್ತು. ಒಂಬೈನೂರು ಎಂ.ಎಲ್. ಹಾಗೇ ಇತ್ತು! ಇನ್ನೂ ಒಂಬತ್ತು ಸಲ ಬದಲಿಸುವಷ್ಟು ಆಯಿಲ್ ಮನೆಯಲ್ಲಿ ಇಟ್ಕೊಂಡು ಆ ಹುಡುಗನ ಇಂಜಿನ್ ಆಯಿಲ್ ಇಲ್ಲದೇ ಸತ್ತಿತು.

ಈಗ ಹೇಳಿ, ಇಲ್ಲಿ ತಪ್ಪು ಸಿಂಥೆಟಿಕ್ಕಿನದ್ದಾ? ಅಲ್ಲ. ಆಯಿಲ್ ಒಳ್ಳೇದೇ ಇತ್ತು. ಮಾಮೂಲಿ ಆಯಿಲ್ ಆಗಿದ್ರೆ ಉಳೀತಿತ್ತಾ? ಅದೂ ಇಲ್ಲ. ಅದಕ್ಕೇ ನಾನು ಹೇಳೋದು, ನಮ್ಮ ಜಗಳವೇ ತಪ್ಪು ಜಾಗದಲ್ಲಿದೆ ಅಂತ.

ಯಾಕೆ ಬದಲಿಸಲೇಬೇಕು ಅನ್ನೋದನ್ನ ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ನಾನು ಎಸ್‌ಎಸ್‌ಎಲ್‌ಸಿ ಪಾಸು ಅಷ್ಟೇ. ತಮ್ಮನ ಮಗ ಮೆಕ್ಯಾನಿಕಲ್ ಓದಿದವ, ಅವನ ತಲೆ ತಿಂದು ತಿಳ್ಕೊಂಡಿದ್ದು, ಮತ್ತೆ ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಇದ್ದಿದ್ದು.

ಕಾರಿನ ಇಂಜಿನ್ನಿಗೆ ಮೂರು ನಾಲ್ಕು ಲೀಟರ್ ಆಯಿಲ್ ಇರುತ್ತೆ, ಅದನ್ನ ಸೋಸೋಕೆ ಫಿಲ್ಟರ್ ಇರುತ್ತೆ, ತಣ್ಣಗೆ ಮಾಡೋಕೆ ನೀರಿನ ರೇಡಿಯೇಟರ್ ಇರುತ್ತೆ. ನಮ್ಮ ಕಳೆ ಮಿಷನ್ನಿಗೆ ಈ ಮೂರೂ ಇಲ್ಲ. ನಮ್ಮ ಕಡೆ ತುಂಬಾ ಜನರ ಹತ್ತಿರ ಇರೋ ಹೋಂಡಾ ಜಿಎಕ್ಸ್35 ಲೆಕ್ಕಕ್ಕೆ ತಗೊಳ್ಳಿ. 35.8 ಸಿಸಿ ಇಂಜಿನ್, ಅದಕ್ಕೆ ಹಿಡಿಯೋ ಆಯಿಲ್ 100 ಎಂ.ಎಲ್. ಅರ್ಧ ಲೋಟ ಚಹಾದಷ್ಟು. ಜಿಎಕ್ಸ್25 ಆದ್ರೆ 80 ಎಂ.ಎಲ್. ಆಯಿಲ್ ಫಿಲ್ಟರ್ ಇಲ್ಲ. ಸವೆದ ಲೋಹದ ಪುಡಿ, ಮಸಿ, ರಿಂಗ್ ದಾಟಿ ಇಳಿದ ಪೆಟ್ರೋಲು, ಬೆಳಿಗ್ಗೆ ತಣ್ಣಗಿರೋ ಇಂಜಿನ್ನಿನ ಒಳಗೆ ಕೂತ ನೀರಿನ ಪಸೆ, ಎಲ್ಲಾ ಆ ಅರ್ಧ ಲೋಟದಲ್ಲೇ ಸುತ್ತಬೇಕು. ಹೊರಗೆ ಹೋಗೋಕೆ ದಾರಿ ಇರೋದು ಒಂದೇ, ನಾವು ಮುಚ್ಚಳ ಬಿಚ್ಚಿ ಚೆಲ್ಲೋದು.

ಸಿಂಥೆಟಿಕ್ ಆಯಿಲಿನ ನಿಜವಾದ ಗುಣ ಏನು ಅಂದ್ರೆ, ಬಿಸಿಗೆ ಬೇಗ ಕೆಡಲ್ಲ, ಬೇಗ ಆವಿ ಆಗಲ್ಲ, ತೀರಾ ಚಳಿಯಲ್ಲಿ ಗಟ್ಟಿ ಆಗಲ್ಲ. ಇದು ನಿಜ, ನಾನು ಅಲ್ಲಗಳೆಯಲ್ಲ. ಆದ್ರೆ ಹಿಮ ಬೀಳೋ ದೇಶದಲ್ಲಿ ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡೋರಿಗೆ ಬೇಕಾದ ಗುಣ ನಮ್ಮ ಮಲೆನಾಡಿನ ಮಾಗಿ ಚಳಿಗೆ ಬೇಕಾಗಲ್ಲ. ಬಿಸಿ ತಡೆಯೋ ಗುಣ ಬೇಕು, ಗಾಳಿಯಲ್ಲಿ ತಣಿಯೋ ಇಂಜಿನ್ ಅಲ್ವಾ. ಆದ್ರೆ ಲೋಹದ ಪುಡಿ ಸಿಂಥೆಟಿಕ್ ಅಂತ ಹೇಳಿ ಮಾಯ ಆಗಲ್ಲ. ಪೆಟ್ರೋಲು ಬೆರೆತು ತೆಳ್ಳಗಾಗೋದು ಎರಡಕ್ಕೂ ಒಂದೇ. ಆಯಿಲಿನಲ್ಲಿ ಆಮ್ಲ ಕೊಲ್ಲೋಕೆ, ಮಸಿ ಹಿಡಿದಿಡೋಕೆ ಅಂತ ಔಷಧಿ ಬೆರೆಸಿರ್ತಾರೆ, ಆ ಔಷಧಿ ಎರಡರಲ್ಲೂ ಖರ್ಚಾಗ್ತಾನೇ ಹೋಗುತ್ತೆ. ಬೆಳ್ಳಿ ಬಿಂದಿಗೆಯಲ್ಲಿ ಕೆಸರು ನೀರು ತುಂಬಿಟ್ರೆ ಕುಡಿಯೋಕೆ ಆಗುತ್ತಾ?

ಇನ್ನೊಂದು, ಸಿಂಥೆಟಿಕ್ ಅಂತ ಬರೆದಿದ್ದೆಲ್ಲ ಒಂದೇ ಜಾತಿ ಅಲ್ಲ. ಕಚ್ಚಾ ತೈಲವನ್ನೇ ತುಂಬಾ ಶುದ್ಧ ಮಾಡಿದ್ದನ್ನೂ ಸಿಂಥೆಟಿಕ್ ಅಂತಲೇ ಮಾರ್ತಾರೆ, ಕಾರ್ಖಾನೆಯಲ್ಲಿ ಹೊಸದಾಗಿ ಜೋಡಿಸಿದ್ದನ್ನೂ ಹಾಗೇ ಕರೀತಾರೆ. ಸೆಮಿ ಸಿಂಥೆಟಿಕ್ ಅಂದ್ರೆ ಎಷ್ಟು ಪಾಲು ಅಂತ ಡಬ್ಬಿ ಮೇಲೆ ಇರಲ್ಲ. ಅದಕ್ಕೆ ಡಬ್ಬಿಯ ಮುಂದಿನ ದೊಡ್ಡ ಅಕ್ಷರ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ. ನೋಡಬೇಕಾದ್ದು ಎರಡೇ. ಒಂದು, ಗ್ರೇಡು. ಜಿಎಕ್ಸ್35ರ ಪುಸ್ತಕ ಹೇಳೋದು 10ಡಬ್ಲ್ಯೂ-30. ಎರಡು, ಎಪಿಐ ಅಂತ ಬರೆದು ಮುಂದೆ ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ ಅಂತ ಇರುತ್ತೆ. ಎಸ್ ಅಂದ್ರೆ ಪೆಟ್ರೋಲ್ ಇಂಜಿನ್ನಿನದ್ದು, ಅದರ ಮುಂದಿನ ಅಕ್ಷರ ಮುಂದೆ ಮುಂದೆ ಹೋದಷ್ಟೂ ಹೊಸದು. ಎಸ್‌ಜೆ ಅಥವಾ ಅದಕ್ಕಿಂತ ಮುಂದಿನದ್ದು ಇದ್ರೆ ಸಾಕು. ಟಿಲ್ಲರ್ ಇರೋರು ನೆನಪಿಡಿ, ಡೀಸೆಲ್ ಇಂಜಿನ್ನಿನದ್ದು ಸಿ ಅಕ್ಷರದಿಂದ ಶುರುವಾಗುತ್ತೆ, ಅದರ ಲೆಕ್ಕವೇ ಬೇರೆ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ, ನಮಗೆ ಅದು ಚೆನ್ನಾಗಿ ಅರ್ಥ ಆಗುತ್ತೆ.

ಪುಸ್ತಕದ ಪ್ರಕಾರ ಹೊಸ ಮಿಷನ್ನಿಗೆ ಮೊದಲ ಸಲ 10 ಗಂಟೆಗೆ, ಆಮೇಲೆ 50 ಗಂಟೆಗೆ ಅಥವಾ ಆರು ತಿಂಗಳಿಗೆ ಒಂದು ಸಲ ಬದಲಿಸಬೇಕು. ನಾನು 25 ಗಂಟೆಗೇ ಬದಲಿಸ್ತೀನಿ, ಯಾಕಂದ್ರೆ ನಮ್ಮಲ್ಲಿ ಒದ್ದೆ ಹುಲ್ಲು, ಏರು ಜಾಗ, ಇಂಜಿನ್ನಿಗೆ ಪೂರ್ತಿ ಭಾರ. ನಮ್ಮ ಪೇಟೆಯಲ್ಲಿ ಮಾಮೂಲಿ 10ಡಬ್ಲ್ಯೂ-30 ಲೀಟರಿಗೆ ನಾನೂರರ ಹತ್ತಿರ. 100 ಎಂ.ಎಲ್.ಗೆ ನಲವತ್ತು ರೂಪಾಯಿ. 25 ಗಂಟೆಗೆ ನಲವತ್ತು ಅಂದ್ರೆ ಗಂಟೆಗೆ ಒಂದು ರೂಪಾಯಿ ಅರವತ್ತು ಪೈಸೆ. ಒಂಬೈನೂರರ ಸಿಂಥೆಟಿಕ್ ಆದ್ರೆ ಗಂಟೆಗೆ ಮೂರು ರೂಪಾಯಿ ಅರವತ್ತು ಪೈಸೆ. ಎರಡಕ್ಕೂ ವ್ಯತ್ಯಾಸ ಗಂಟೆಗೆ ಎರಡು ರೂಪಾಯಿ. ಅದೇ ಗಂಟೆಯಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ಪೆಟ್ರೋಲ್ ಸುಡ್ತೀವಿ, ಐವತ್ತು ಅರವತ್ತು ರೂಪಾಯಿ. ಹೊಡೆಯೋ ಆಳಿಗೆ ಕೊಡೋದು ಬೇರೆ.

ಅಂದ್ರೆ ಆ ದಿನ ಸೊಸೈಟಿ ಜಗಲಿಯಲ್ಲಿ ನಾವು ಜಗಳ ಆಡಿದ್ದು ಎರಡು ರೂಪಾಯಿಗೆ! ಸಿಂಥೆಟಿಕ್ ಹಾಕೋರು ಹಾಕಿ, ನನ್ನ ತಕರಾರಿಲ್ಲ. ಹಾಕದೇ ಇರೋರೂ ಹೆದರಬೇಡಿ. ಆದ್ರೆ ಸಿಂಥೆಟಿಕ್ ಹಾಕಿದ್ದೀನಿ ಅಂತ ಗಂಟೆ ಎಳೆಯೋರು, ದುಡ್ಡೂ ಹೆಚ್ಚು ಕೊಟ್ಟು ಇಂಜಿನ್ನೂ ಕಳ್ಕೊಳ್ತೀರಿ. ಆ ಹುಡುಗನ ಕೈಯಲ್ಲಿ ನಾನೂರು ರೂಪಾಯಿಯ ಮಾಮೂಲಿ ಬಾಟಲಿ ಇದ್ದು, 25 ಗಂಟೆಗೊಮ್ಮೆ ಬದಲಿಸಿದ್ರೆ, ಇನ್ನೂರು ಗಂಟೆಗೆ ಎಂಟು ಸಲ, ಎಂಟುನೂರು ಎಂ.ಎಲ್. ಖರ್ಚು ಮುನ್ನೂರ ಇಪ್ಪತ್ತು ರೂಪಾಯಿ. ಒಂದು ಕಡೆ ಮುನ್ನೂರ ಇಪ್ಪತ್ತು, ಇನ್ನೊಂದು ಕಡೆ ಇಪ್ಪತ್ತೈದು ಸಾವಿರ.

"ಗಂಟೆ ಲೆಕ್ಕ ಇಡೋದು ಹೇಗೆ, ಮಿಷನ್ನಿಗೆ ಮೀಟರ್ ಇಲ್ವಲ್ಲ" ಅಂತ ಕೇಳ್ತೀರಿ. ಪೆಟ್ರೋಲ್ ಕ್ಯಾನೇ ಮೀಟರ್. ನನ್ನ ಮಿಷನ್ ಗಂಟೆಗೆ ಸುಮಾರು ಆರುನೂರು ಎಂ.ಎಲ್. ಕುಡಿಯುತ್ತೆ. ಐದು ಲೀಟರಿನ ಕ್ಯಾನು ಮೂರು ಸಲ ಖಾಲಿ ಆದ್ರೆ 25 ಗಂಟೆ. ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೀತೀನಿ. ಮೂರು ಗೆರೆ ಆದ್ರೆ ಆಯಿಲ್, ಆಮೇಲೆ ಗೆರೆ ಅಳಿಸೋದು. ನಮ್ಮ ಅಜ್ಜ ಹಾಲಿನ ಲೆಕ್ಕ ಇಟ್ಟಿದ್ದೂ ಹೀಗೇ.

ಇನ್ನು ಮಾಮೂಲಿ ಪಕ್ಷದವರಿಗೆ ಎರಡು ಮಾತು. ನೀವೇನು ಸಾಚಾ ಅಲ್ಲ. "ಏನು ಹಾಕಿದ್ರೂ ನಡೆಯುತ್ತೆ" ಅನ್ನೋದು ನಿಮ್ಮ ರೋಗ. ಬೈಕಿನಿಂದ ಇಳಿಸಿದ ಹಳೇ ಆಯಿಲನ್ನ ಬಟ್ಟೆಯಲ್ಲಿ ಸೋಸಿ ಕಳೆ ಮಿಷನ್ನಿಗೆ ಹಾಕೋರನ್ನ ನಾನು ಕಂಡಿದ್ದೀನಿ. ಕಂಡಿದ್ದು ಎಲ್ಲಿ ಅಂದ್ರೆ ನಮ್ಮ ಮನೆಯಲ್ಲೇ, ಹಾಕಿದ್ದು ನಾನೇ. ಹತ್ತು ವರ್ಷದ ಹಿಂದೆ. ಬಟ್ಟೆಯಲ್ಲಿ ಕಸ ನಿಲ್ಲುತ್ತೆ, ಮಸಿ ನಿಲ್ಲಲ್ಲ, ಬೆರೆತ ಪೆಟ್ರೋಲು ನಿಲ್ಲಲ್ಲ. ಎರಡು ಮಳೆಗಾಲಕ್ಕೆ ಆ ಮಿಷನ್ ಗುಜರಿಗೆ ಹೋಯ್ತು. ಉಳಿಸಿದ್ದು ವರ್ಷಕ್ಕೆ ನೂರು ಚಿಲ್ಲರೆ ರೂಪಾಯಿ. ಅಷ್ಟು ಬುದ್ಧಿವಂತಿಕೆ ನನ್ನದು.

"ಸಿಂಥೆಟಿಕ್ ಹಾಕಿದ್ರೆ ಹಳೇ ಇಂಜಿನ್ ಹಾಳಾಗುತ್ತೆ, ಮಾಮೂಲಿ ಜೊತೆ ಬೆರೆತ್ರೆ ಮೊಸರಾಗುತ್ತೆ" ಅನ್ನೋದೂ ಸುಳ್ಳು. ಒಂದೇ ಗ್ರೇಡಿನ ಎರಡು ಫೋರ್ ಸ್ಟ್ರೋಕ್ ಆಯಿಲ್ ಬೆರೆತ್ರೆ ಏನೂ ಆಗಲ್ಲ. ತೋಟದ ಮಧ್ಯ ಮಟ್ಟ ಕಡಿಮೆ ಆದಾಗ ಕೈಗೆ ಸಿಕ್ಕಿದ್ದು ಹಾಕಿ ಮನೆಗೆ ಬನ್ನಿ. ಆಯಿಲ್ ಇಲ್ಲದೇ ಓಡಿಸೋದಕ್ಕಿಂತ ಅದು ಸಾವಿರ ಪಾಲು ಮೇಲು. ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ರೆ ಅದಕ್ಕೆ ಕಾರಣ ನೀರು. ಸಿಂಥೆಟಿಕ್ಕಿಗೂ ಅದಕ್ಕೂ ಸಂಬಂಧ ಇಲ್ಲ.

ನೀರು ಅಂದ ಮೇಲೆ ನೆನಪಾಯ್ತು. ಈಗ ಬಂಕಿನಲ್ಲಿ ಸಿಗೋದು 20% ಎಥೆನಾಲ್ ಬೆರೆಸಿದ ಪೆಟ್ರೋಲು. ಎಥೆನಾಲ್ ಗಾಳಿಯ ಪಸೆ ಎಳ್ಕೊಳ್ಳುತ್ತೆ. ನಮ್ಮ ಮಳೆಗಾಲದಲ್ಲಿ ಮುಚ್ಚಳ ಸಡಿಲ ಇರೋ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ರೆ ಕೇಳೋದೇ ಬೇಡ. ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ. ಎರಡು ನಿಮಿಷ ಓಡಿಸಿ ನಿಲ್ಲಿಸೋದನ್ನ ಬಿಡಿ, ಇಂಜಿನ್ ಪೂರ್ತಿ ಬಿಸಿ ಆದ್ರೆ ಆಯಿಲಿನ ನೀರು ಆರಿ ಹೋಗುತ್ತೆ. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಇರೋದೂ ಮುಗಿಯೋ ತನಕ ಓಡಿಸಿ ಇಡಿ.

ಸೀಜ್ ಆದ ಇಂಜಿನ್ನಿಗೆಲ್ಲ ಆಯಿಲೇ ಕಾರಣ ಅಂತಲೂ ಅಲ್ಲ. ಒದ್ದೆ ಹುಲ್ಲಿನ ಚೂರು ಇಂಜಿನ್ನಿನ ರೆಕ್ಕೆಗಳ ಮಧ್ಯ ಹೋಗಿ ಕೂತು ಒಣಗಿ ಬೆರಣಿ ತಟ್ಟಿದ ಹಾಗೆ ಆಗಿರುತ್ತೆ. ಗಾಳಿ ಆಡದೇ ಇಂಜಿನ್ ಬೇಯುತ್ತೆ. ಅದಕ್ಕೆ ಸಿಂಥೆಟಿಕ್ ಮದ್ದಲ್ಲ, ಹಳೇ ಹಲ್ಲುಜ್ಜೋ ಬ್ರಷ್ ಮದ್ದು. ಗಾಳಿ ಫಿಲ್ಟರಿನ ಸ್ಪಂಜು ಸೋಪು ನೀರಿನಲ್ಲಿ ತೊಳೆದು ಒಣಗಿಸಿ ಹಾಕಿ. ಸ್ಪಂಜು ಹರಿದಿದ್ರೆ ಮಣ್ಣು ನೇರ ಬೋರಿಗೆ ಹೋಗುತ್ತೆ. ಸಿಂಥೆಟಿಕ್ಕಿಗೆ ಕೊಡೋ ಐನೂರು ರೂಪಾಯಿ ಹೆಚ್ಚಿನ ದುಡ್ಡಲ್ಲಿ ಸ್ಪಂಜೂ ಬರುತ್ತೆ, ಒಂದು ಸ್ಪಾರ್ಕ್ ಪ್ಲಗ್ಗೂ ಬರುತ್ತೆ.

ಹಾಗಾದ್ರೆ ಒಳ್ಳೇ ಆಯಿಲಿಗೆ ದುಡ್ಡು ಹಾಕೋ ಜಾಗವೇ ಇಲ್ವಾ? ಇದೆ. ಟೂ ಸ್ಟ್ರೋಕ್. ಬೆನ್ನಿಗೆ ಹಾಕ್ಕೊಂಡು ಔಷಧಿ ಹೊಡೆಯೋ ಪವರ್ ಸ್ಪ್ರೇಯರ್, ಮರ ಕೊಯ್ಯೋ ಚೈನ್ ಸಾ, ಹಳೇ ಮಾದರಿ ಕಳೆ ಮಿಷನ್. ಇದರಲ್ಲಿ ಆಯಿಲ್ ಪೆಟ್ರೋಲಿಗೇ ಬೆರೆತು ಒಂದು ಸಲ ಇಂಜಿನ್ ಒಳಗೆ ಹೋಗಿ ಸುಟ್ಟು ಹೊರಗೆ ಬರುತ್ತೆ. ಬದಲಿಸೋ ಪ್ರಶ್ನೆಯೇ ಇಲ್ಲ, ಪ್ರತಿ ಹನಿಯೂ ಹೊಸದು. ಅದಕ್ಕೆ ಅಲ್ಲಿ ಆಯಿಲಿನ ಗುಣ ನೇರ ಕೆಲಸ ಮಾಡುತ್ತೆ. ಡಬ್ಬಿ ಮೇಲೆ ಜಾಸೋ ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ ಇರುತ್ತೆ. ಎಫ್‌ಸಿ ಕಡಿಮೆ ಹೊಗೆಯದ್ದು, ಎಫ್‌ಡಿ ಅದರ ಮೇಲೆ ಇಂಜಿನ್ ಒಳಗನ್ನೂ ಹೆಚ್ಚು ಚೊಕ್ಕ ಇಡೋದು. ಸೈಲೆನ್ಸರಿನ ತೂತಿನಲ್ಲಿ ಮಸಿ ಕಟ್ಟೋದು ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಹೊಗೆ ಕುಡಿಯೋದು ಮನುಷ್ಯ. ಇಂಜಿನ್ ಬೆನ್ನ ಮೇಲೆ, ಹೊಗೆ ಕಿವಿ ಪಕ್ಕ. ಅಡಿಕೆ ಮರದ ಸಾಲಿನಲ್ಲಿ ಗಾಳಿ ಆಡದ ಜಾಗದಲ್ಲಿ ನಾಲ್ಕು ಗಂಟೆ ಅದನ್ನ ಹೊತ್ಕೊಂಡು ನಡೆಯೋನು ನೀವಾಗಿರಲಿ, ನಿಮ್ಮ ಆಳಾಗಿರಲಿ, ಅವನ ಎದೆಗೆ ಹೋಗೋದು ಅದೇ. ಲೀಟರ್ ಪೆಟ್ರೋಲಿಗೆ 50ಕ್ಕೆ 1ರ ಲೆಕ್ಕದಲ್ಲಿ 20 ಎಂ.ಎಲ್., 25ಕ್ಕೆ 1 ಆದ್ರೆ 40 ಎಂ.ಎಲ್. ನಿಮ್ಮ ಮಿಷನ್ನಿಗೆ ಯಾವುದು ಅಂತ ಪುಸ್ತಕದಲ್ಲಿ ನೋಡಿ, ಅಳೆದು ಹಾಕಿ. ಕಣ್ಣಂದಾಜು ಬೇಡ. ಸ್ವಲ್ಪ ಜಾಸ್ತಿ ದುಡ್ಡು ಕೊಡೋದಿದ್ರೆ ಇಲ್ಲಿ ಕೊಡಿ.

ಆದ್ರೆ ನಮ್ಮವರು ಮಾಡೋದು ಉಲ್ಟಾ. ಫೋರ್ ಸ್ಟ್ರೋಕಿಗೆ ಒಂಬೈನೂರರ ಬಾಟಲಿ ತಂದು ಬದಲಿಸಲ್ಲ, ಟೂ ಸ್ಟ್ರೋಕಿಗೆ ಗ್ಯಾರೇಜಿನ ಲೂಸ್ ಆಯಿಲ್ ಸುರೀತಾರೆ. ಕೆಲವರು ಫೋರ್ ಸ್ಟ್ರೋಕ್ ಆಯಿಲನ್ನೇ ಪೆಟ್ರೋಲಿಗೆ ಬೆರೆಸ್ತಾರೆ. ಅದು ಸುಡೋಕೆ ಮಾಡಿದ್ದಲ್ಲ, ಬೂದಿ ಕಟ್ಟುತ್ತೆ.

ಬದಲಿಸೋದು ಕಷ್ಟ ಅಂತೀರಾ? ಹತ್ತು ನಿಮಿಷದ ಕೆಲಸ. ಮಿಷನ್ ಎರಡು ಮೂರು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ನಿಲ್ಲಿಸಿ. ಆಯಿಲ್ ಮುಚ್ಚಳ ಬಿಚ್ಚಿ, ಮಿಷನ್ ಓರೆ ಮಾಡಿ ಹಳೇದನ್ನ ಪೂರ್ತಿ ಬಸಿಯಿರಿ. ಸಮ ಜಾಗದಲ್ಲಿ ಇಟ್ಟು ಬಾಯಿ ಅಂಚಿಗೆ ಬರೋ ತನಕ ಹೊಸದು ಹಾಕಿ. ಅಂಚಿಗಿಂತ ಮೇಲೆ ಬೇಡ, ಹೊಗೆ ಹಾಕುತ್ತೆ. ದಿನಾ ಬೆಳಿಗ್ಗೆ ಪೆಟ್ರೋಲ್ ಹಾಕೋ ಮೊದಲು ಒಂದು ಸಲ ಮುಚ್ಚಳ ಬಿಚ್ಚಿ ಮಟ್ಟ ನೋಡಿ. ಇಳಿಸಿದ ಆಯಿಲನ್ನ ಕಪ್ಪಿಗೆ ಚೆಲ್ಲಬೇಡಿ, ತೋಟದ ಕಪ್ಪಿನ ನೀರು ಹೋಗೋದು ಯಾರದೋ ಬಾವಿಗೋ ಹಳ್ಳಕ್ಕೋ. ಹಳೇ ಕ್ಯಾನಿನಲ್ಲಿ ತುಂಬಿಟ್ಟು ಗ್ಯಾರೇಜಿಗೆ ಕೊಡಿ, ಅವರಿಂದ ತಗೊಂಡು ಹೋಗೋರು ಇರ್ತಾರೆ.

"ನಂದು ಐದು ವರ್ಷ ಆಯ್ತು, ಬದಲಿಸಿದ್ದೇ ಇಲ್ಲ, ಏನೂ ಆಗ್ಲಿಲ್ಲ" ಅನ್ನೋರು ಈ ಸಲವೂ ಬರೀತೀರಿ, ಗೊತ್ತು. ನಿಮ್ಮದು ಅರ್ಧ ಎಕರೆ, ವರ್ಷಕ್ಕೆ ಹತ್ತು ಗಂಟೆ ಓಡುತ್ತೆ. ನಿಮ್ಮ ಮಾತು ಕೇಳಿ ದಿನಕ್ಕೆ ಆರು ಗಂಟೆ ಓಡಿಸೋ ಹುಡುಗ ಮೋಸ ಹೋಗ್ತಾನೆ. ದಯವಿಟ್ಟು ಎಷ್ಟು ಗಂಟೆ ಓಡಿಸಿದ್ದೀರಿ ಅನ್ನೋದನ್ನೂ ಸೇರಿಸಿ ಬರೀರಿ.

ಅಂಗಡಿಯವರಿಗೂ ಒಂದು ಮಾತು. ಸಿಂಥೆಟಿಕ್ ಮಾರಿ, ಲಾಭ ಮಾಡಿ, ಬೇಡ ಅನ್ನಲ್ಲ. ಆದ್ರೆ ಬಾಟಲಿ ಜೊತೆ "ಇಷ್ಟು ಗಂಟೆಗೆ ಬದಲಿಸು" ಅನ್ನೋ ಒಂದು ಮಾತು ಪುಕ್ಕಟೆ ಕೊಡಿ. ಅದರಿಂದ ನಿಮ್ಮ ಆಯಿಲೇ ಹೆಚ್ಚು ಖರ್ಚಾಗುತ್ತೆ.

ಕೊನೆಗೆ ನನ್ನ ಪಾಲಿನ ತಪ್ಪು. ಆ ಹುಡುಗ ನಮ್ಮ ತೋಟದಲ್ಲಿ ನಾಲ್ಕು ದಿನ ಹೊಡೆದ. ದಿನಾ ಬೆಳಿಗ್ಗೆ ಪೆಟ್ರೋಲ್ ಅಳೆದು ಕೊಟ್ಟವನು ನಾನೇ. ಪೆಟ್ರೋಲ್ ಎಷ್ಟು ಕುಡೀತು ಅಂತ ಲೆಕ್ಕ ಕೇಳಿದೆ, ಆಯಿಲ್ ನೋಡಿದ್ಯಾ ಅಂತ ಒಂದು ದಿನ ಕೇಳಲಿಲ್ಲ. ನನ್ನ ಮಿಷನ್ ಅಲ್ಲವಲ್ಲ ಅಂತ. ರಿಪೇರಿಗೆ ಅರ್ಧ ದುಡ್ಡು ನಾನು ಕೊಟ್ಟೆ, ಅದು ದೊಡ್ಡ ವಿಷಯ ಅಲ್ಲ. ಹೋದ ಹದಿನಾರು ದಿನ ವಾಪಸ್ ಬರಲಿಲ್ಲ.

ನಾಳೆ ನಿಮ್ಮ ತೋಟಕ್ಕೆ ಕಳೆ ಹೊಡೆಯೋಕೆ ಯಾರಾದ್ರೂ ಬಂದ್ರೆ, ಚಹಾ ಕೊಡೋವಾಗ "ಆಯಿಲ್ ನೋಡಿದ್ಯಾ ಮಾರಾಯ" ಅಂತ ಒಂದು ಮಾತು ಕೇಳಿ. ನಿಮ್ಮ ಕೊಟ್ಟಿಗೆಯಲ್ಲಿ ಇರೋ ಬಾಟಲಿಯಿಂದ ಅರ್ಧ ಲೋಟ ಹಾಕಿ ಕಳಿಸಿ. ಯಾವ ಆಯಿಲ್ ಅಂತ ಆಮೇಲೆ ಜಗಳ ಆಡೋಣ.